ಎಲ್ವಿರಾ ಅಜ್ಜಿಗೆ ಚಳಿಯಂತೆ

ಅಮ್ಮಾ, ಈ ಕಾಗದಕ್ಕೆ ಅಂಚೆಚೀಟಿ ಬೇಕಿಲ್ಲ, ಆದರೂ ನಿನಗೆ ಹೇಳದೆ ಇರಲಾರೆ. ಇಲ್ಲಿ ಫ್ಲಾರಿಡಾದಲ್ಲಿ ನಿನ್ನ ಮಗಳು ನಡೆಸುವ ವೃದ್ಧಾಶ್ರಮ ಇವತ್ತು ಚಂಡಮಾರುತದ ಪರೀಕ್ಷೆಯಲ್ಲಿ ಪಾಸಾಯಿತು! ಬೆಳಿಗ್ಗೆ ತಪಾಸಣೆಯ ಅಧಿಕಾರಿ ಬಂದು, "ಈಗ ಬಿರುಗಾಳಿ ಬಂತು ಅಂದ್ಕೊಳ್ಳಿ" ಎಂದು ಕರೆಂಟು ತೆಗೆಸಿದ. ನಾನು ಹತ್ತು ಎಣಿಸುವುದರೊಳಗೆ ಜನರೇಟರ್ ಗುರ್ ಎಂದಿತು, ಏಸಿ ಮತ್ತೆ ಶುರುವಾಯಿತು. ಒಳಗೆ ಸೆಕೆ ಏರುತ್ತದೋ ನೋಡಲು ಆತ ಥರ್ಮಾಮೀಟರ್ ಹಿಡಿದು ಊಟದ ಹಾಲಿನಲ್ಲೇ ಕೂತ.

ತೊಂಬತ್ತೊಂದರ ಎಲ್ವಿರಾ ಅಜ್ಜಿ ಎರಡು ಸ್ವೆಟರ್ ಹಾಕಿಕೊಂಡು ಅವನ ಮುಂದೆ ನಿಂತಳು. "ಏನಪ್ಪಾ, ನಮ್ಮನ್ನ ಗಾಳಿಯಿಂದ ಉಳಿಸೋಕೆ ಬಂದ್ಯೋ, ಫ್ರಿಜ್ಜಲ್ಲಿಟ್ಟು ಕೊಲ್ಲೋಕೆ ಬಂದ್ಯೋ?"

ಡೊಮಿನೊ ಆಡುತ್ತಿದ್ದ ನೆಸ್ಟರ್ ಅಜ್ಜ ತಲೆ ಎತ್ತದೆ ಹೇಳಿದ: "ನಿನ್ ಬಾಯಿಗೆ ಯಾವ ಜನರೇಟರೂ ಬೇಡ ಎಲ್ವಿರಾ, ತಾನಾಗೇ ಓಡುತ್ತೆ."

ಅಧಿಕಾರಿ ನಗುತ್ತಲೇ ಸಹಿ ಹಾಕಿದ. "ನಿಯಮಕ್ಕೆ ನಾಲ್ಕು ದಿನದ ಡೀಸೆಲ್ ಸಾಕು ಮೇಡಂ. ನೀವ್ಯಾಕೆ ಎಂಟು ದಿನದ್ದು ಇಟ್ಟಿದ್ದೀರಿ?"

"ಸುಮ್ನೆ, ಅಭ್ಯಾಸ," ಎಂದೆ.

ಆ ಸೆಪ್ಟೆಂಬರಿನ ಚಂಡಮಾರುತಕ್ಕೆ ನೀನಿದ್ದ ಆಶ್ರಮದ ಕರೆಂಟು ಹೋದ ಮೂರನೇ ದಿನ ನೀನೇ ಫೋನಿನಲ್ಲಿ, "ಸ್ವಲ್ಪ ಸೆಕೆ, ಅಷ್ಟೇ ಕಣೇ. ರೋಡು ಸರಿಹೋದ್ಮೇಲೆ ಬಾ," ಅಂದಿದ್ದೆ. ರೋಡು ಸರಿಹೋದ ಮೇಲೆಯೇ ನಾನು ಬಂದೆ; ಅಷ್ಟರಲ್ಲಿ ಆ ಸೆಕೆ ನಿನ್ನನ್ನು ಕೊಂಡೊಯ್ದಿತ್ತು.

ಇರಲಿ. ಸಂಜೆಯಾದರೂ ಎಲ್ವಿರಾ ಅಜ್ಜಿಯ ಗೊಣಗಾಟ ನಿಲ್ಲಲಿಲ್ಲ. "ಫ್ಲಾರಿಡಾದಲ್ಲಿ ಇದ್ಯಾಕೆ?" ಎಂದು ನಾನು ಗೇಲಿ ಮಾಡುತ್ತಿದ್ದ ನಿನ್ನ ಉಣ್ಣೆ ಶಾಲನ್ನೇ ತಂದು ಹೊದಿಸಿದೆ.

"ಇನ್ನೂ ಚಳಿ ಕಣೇ!" ಎಂದಳು.

ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ, ಇನ್ನೊಂದು ಸಲ ಹೇಳಿಸಿದೆ ಅಮ್ಮಾ.