ಕಡೆಯ ಮರಿ ನೋಡಲು ಬರುತ್ತಾರೆ

ಶೈಲಾ,

ಕಡೆಯ ನಾಯಿಮರಿಯನ್ನು ನೋಡಲು ಯಲ್ಲಾಪುರದ ರಾಜೀವಿ ಟೀಚರ್ ಮಧ್ಯಾಹ್ನ ಬರುತ್ತಾರೆ. ನಾನು ಶುಂಠಿ ಹೊಲಕ್ಕೆ ಹೋಗಿದ್ದೇನೆ. ಅವರು ಹೋದ ಮೇಲೆ ಫೋನ್ ಮಾಡು, ಬರುತ್ತೇನೆ.

ಬುಟ್ಟಿಯ ಬಟ್ಟೆ ಬದಲಿಸು. ಚುಚ್ಚುಮದ್ದಿನ ಕಾರ್ಡು ದೇವರ ಗೂಡಿನ ಪಕ್ಕದಲ್ಲಿದೆ. ಮೊದಲು ತಾಯಿ ಬೆಳ್ಳಿಯನ್ನು ತೋರಿಸು, ಆಮೇಲೆ ಮರಿ. ಹಗಲಿಡೀ ಕಟ್ಟಿ ಹಾಕುವವರಾದರೆ ಕೊಡಬೇಡ, ಚಹಾ ಕುಡಿಸಿ ಕಳಿಸು.

ಮಿಕ್ಸರ್ ಹಾಕಿ ತೋರಿಸು. ಅದಕ್ಕೆ ಮರಿ ಹೆದರುವುದಿಲ್ಲ, ಕುಕ್ಕರಿನ ಸೀಟಿಗೂ ಹೆದರುವುದಿಲ್ಲ. ಹೆದರುವುದು ನನ್ನ ದನಿಗೆ. ಜನರ ರೂಢಿಯಾಗಲಿ ಎಂದು ನೀನು ಬುಟ್ಟಿಯನ್ನು ಪಡಸಾಲೆಯಲ್ಲಿಟ್ಟೆ. ನಾನು ದಿನವೂ ಅಲ್ಲೇ ನಿಂತು ಶುಂಠಿ ವ್ಯಾಪಾರಿಯನ್ನು ಫೋನಿನಲ್ಲಿ ಬೈದೆ. ‘ಮರಿ ಮುಂದ ಒದರಬ್ಯಾಡ್ರಿ’ ಎಂದು ನೀನು ಹೇಳಿದರೆ, ‘ನನ್ನ ಮನ್ಯಾಗ ನಾಯೀನ ಕೇಳಿ ಮಾತಾಡ್ಬೇಕೇನ?’ ಎಂದು ನಿನ್ನ ಮೇಲೂ ಹರಿಹಾಯ್ದೆ. ಉಳಿದ ಮರಿಗಳು ಗಟ್ಟಿ, ತಡೆದುಕೊಂಡವು. ಇದು ನಾನು ಕೆಮ್ಮಿದರೂ ನಿಂತಲ್ಲೇ ಉಚ್ಚೆ ಹೊಯ್ಯುತ್ತದೆ. ಹೋದ ವಾರ ಬಂದವರು ಅದನ್ನು ನೋಡಿಯೇ ಬೇಡವೆಂದರು.

ಟೀಚರಿಗೆ ಮುಚ್ಚಿಡಬೇಡ. ಗಟ್ಟಿ ದನಿಗೆ ಹೆದರುತ್ತದೆ ಎಂದು ಹೇಳಿಯೇ ಕೊಡು. ಯಾರಿಂದ ಹೀಗಾಯಿತೆಂದು ಕೇಳಿದರೆ ಅದನ್ನೂ ಹೇಳು.

ಬೆಳಿಗ್ಗೆ ಬುಟ್ಟಿಯ ಹತ್ತಿರ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಮರಿ ತಾನಾಗಿ ಬಂದು ನನ್ನ ಪಾದದ ಮೇಲೆ ತಲೆಯಿಟ್ಟು ನಿದ್ದೆ ಹೋಯಿತು. ಮೆಲ್ಲಗೆ ಎತ್ತಿ ಬೆಳ್ಳಿಯ ಪಕ್ಕ ಮಲಗಿಸಿದ್ದೇನೆ. ನೀನು ಹಿತ್ತಲಲ್ಲಿದ್ದೆ. ಕೂಗಿ ಹೇಳಿದರೆ ಅದು ಎದ್ದೀತು ಎಂದು ಇಷ್ಟನ್ನೂ ಬರೆದಿಟ್ಟೆ.