ಗುಬ್ಬಿ ಡಾಕ್ಟರ್ ಪಾಸಾದಳು

ಆಸ್ಪತ್ರೆಯ ಹಿಂದಿನ ಬೀದಿ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನಗೆ ರಕ್ತ ಹೋಗುವುದು ಇನ್ನೂ ನಿಂತಿಲ್ಲ ಎಂದು ಭಾವನೇ ಫೋನಿನಲ್ಲಿ ಹೇಳಿದರು, ನೀನಾಗಿ ಹೇಳುವವಳಲ್ಲ. ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಹೀಗಾದರೆ ಅದು ಸುಮ್ಮನೆ ಬಿಡುವ ವಿಷಯವಲ್ಲ. "ಸತ್ತರೂ ಸರಿ, ಒಳಪರೀಕ್ಷೆಯ ಆ ಮೇಜು ಇನ್ನೊಂದು ಸಲ ಹತ್ತಲ್ಲ" ಅನ್ನುತ್ತೀಯಂತೆ. ಅಮ್ಮನೂ ಹೀಗೇ ಅಂದಳು, ಹಾಗೇ ಹೋದಳು. ಅವಳ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ. ತೆಗೆಯಲು ಕೈ ಬರುತ್ತಿಲ್ಲ.

ಅದಕ್ಕೇ ನಾನು ಈ ಕೆಲಸಕ್ಕೆ ಸೇರಿದ್ದು. ಕೇಳಿ ನೀನು "ತಲೆ ಕೆಟ್ಟಿದೆಯೇನೇ ನಿನಗೆ?" ಅಂದಿದ್ದೆ. ಹೆಂಗಸರ ಡಾಕ್ಟರಾಗಲು ಕಲಿಯುವವರಿಗೆ ಹೆರಿಗೆ, ಆಪರೇಷನ್, ಗರ್ಭಕೋಶದ ಗಡ್ಡೆ ಎಲ್ಲವನ್ನೂ ದೊಡ್ಡ ಡಾಕ್ಟರಮ್ಮ ವರ್ಷಗಟ್ಟಲೆ ಕಲಿಸುತ್ತಾರೆ. ಒಳಪರೀಕ್ಷೆ ಕಲಿಸುವಾಗ ಮಾತ್ರ ಮೇಜಿನ ಮೇಲೆ ಮಲಗುವುದು ನಾನು. ಎಲ್ಲಿ ಒತ್ತಿದರೆ ನೋವು, ಯಾವಾಗ ಮಾತಾಡಿಸಬೇಕು ಎಂದು ಹೇಳುತ್ತೇನೆ. ಅವರಲ್ಲಿ ಒಬ್ಬಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದೇನೆ. ಪುಟ್ಟ ಆಳು, ಕೂತಲ್ಲಿ ಕೂರುವವಳಲ್ಲ. ಪ್ಲಾಸ್ಟಿಕ್ ಗೊಂಬೆಯ ಮೇಲೆ ಕಲಿತ ಹಾಗೆ ನನ್ನನ್ನೂ ಚಕಚಕ ಮುಗಿಸುತ್ತಿದ್ದಳು. ನಾನು ಸುಮ್ಮನಿದ್ದರೆ ನೋವಿಲ್ಲ ಎಂದೇ ಲೆಕ್ಕ. "ಮುಖ ನೋಡೇ, ನಾನೇನು ಗೊಂಬೆಯಾ?" ಎಂದು ಗದರಿದ್ದೆ. ಉಳಿದೆಲ್ಲದರಲ್ಲೂ ಪಾಸಾಗಿ, ಹೋದ ಸಲ ಇದೊಂದರಲ್ಲಿ ಫೇಲಾಗಿ, ಮೆಟ್ಟಿಲ ಮೇಲೆ ಕೂತು ಮೂಗು ಸೊರಸೊರ ಎನ್ನಿಸುತ್ತಾ ಅತ್ತಿದ್ದಳು.

ನಿನ್ನೆ ಮರುಪರೀಕ್ಷೆ. ದೊಡ್ಡ ಡಾಕ್ಟರಮ್ಮ ಗಡಿಯಾರ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಗುಬ್ಬಿ ಉಪಕರಣವನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿಕೊಂಡು "ಶುರು ಮಾಡಲಾ ಅಮ್ಮಾ?" ಅಂದಳು. ಅರ್ಧದಲ್ಲಿ ನನಗೆ ಅಮ್ಮನ ನೆನಪು ಒತ್ತರಿಸಿ ಬಂತು. ಬಾಯಿ ಬಿಡಲಿಲ್ಲ, ಮೈ ಬಿಗಿಯಾಗಿರಬೇಕು ಅಷ್ಟೆ. ಅವಳ ಕೈ ಅಲ್ಲೇ ನಿಂತಿತು. ಉಪಕರಣ ತೆಗೆದಿಟ್ಟು, ನನಗೆ ಹೊದಿಸಿ, "ಆತುರ ಏನಿದೆ, ಕೂತ್ಕೊಳ್ಳೋಣ ಬಿಡಿ" ಎಂದು ಕುರ್ಚಿ ಎಳೆದುಕೊಂಡು ಕೂತಳು. ಹೊತ್ತು ಮೀರುತ್ತಿತ್ತು ಅಕ್ಕಾ! ಮೀರಿದರೆ ಮತ್ತೆ ಫೇಲು ಎಂದು ಅವಳಿಗೂ ಗೊತ್ತಿತ್ತು. ಆದರೂ ಏಳಲಿಲ್ಲ. ಕೊನೆಗೆ ನಾನೇ "ಈಗ ಮಾಡು" ಅಂದೆ. ಮಾಡಿ ಮುಗಿಸಿದಳು, ಒಂದಿಷ್ಟೂ ನೋವಾಗಲಿಲ್ಲ. ದೊಡ್ಡ ಡಾಕ್ಟರಮ್ಮ ಗಡಿಯಾರ ಜೇಬಿಗೆ ಹಾಕಿ, "ಪಾಸು. ಇನ್ನು ನೀನು ಯಾರ ಮನೆ ಹೆಣ್ಣುಮಗಳನ್ನಾದರೂ ನೋಡಬಹುದು" ಅಂದರು. ಗುಬ್ಬಿ ನನ್ನನ್ನು ತಬ್ಬಿ ಎತ್ತಲು ಹೋದಳು; ಇಬ್ಬರೂ ಬೀಳುವುದೊಂದು ಬಾಕಿ. ಹೊರಗಿನ ನರ್ಸುಗಳು ಇಣುಕಿ ನೋಡುವಷ್ಟು ಗಟ್ಟಿಯಾಗಿ ನಕ್ಕೆ.

ಭಾವನಿಗೆ ನಮಸ್ಕಾರ, ಮೊಮ್ಮಗುವಿಗೆ ಎರಡೂ ಕೆನ್ನೆಗೆ ಮುತ್ತು.

ನೀನು ಮೂಗಿ ಎಂದು ರೇಗಿಸುತ್ತಿದ್ದ ತಂಗಿ

ತಾ.ಕ.: ಗುಬ್ಬಿ ಈಗ ತಾನೇ ಫೋನ್ ಮಾಡಿದಳು. ನಿಮ್ಮೂರಿನ ಆಸ್ಪತ್ರೆಯಲ್ಲೇ ಕೆಲಸ ಸಿಕ್ಕಿದೆ, ನಾಳೆಯಲ್ಲ, ಮುಂದಿನ ಸೋಮವಾರ ಸೇರುತ್ತಾಳೆ. ಮೊದಲ ಚೀಟಿ ನಿನ್ನ ಹೆಸರಿಗೇ ಎಂದು ಒಪ್ಪಿಸಿದ್ದೇನೆ. ಹಿಂದಿನ ದಿನವೇ ನಾನು ಬಸ್ಸು ಹತ್ತುತ್ತೇನೆ. ಮೇಜು ಹತ್ತಿದ ಮೇಲೂ ಬೇಡವೆನಿಸಿದರೆ ಇಳಿದುಬಿಡು, ಮನೆಗೆ ಹೋಗೋಣ. ಮಾರನೆಯ ದಿನ ಮತ್ತೆ ಬರೋಣ. ನಾನಂತೂ ವಾಪಸ್ಸು ಟಿಕೆಟ್ ತೆಗೆದಿಲ್ಲ.