ಮೂರನೆಯ ಬೀಗ

ಅಕ್ಕನ ಮನೆ
ಬುಧವಾರ, ಬೆಳಿಗ್ಗೆ

ನಮ್ಮ ಮಿಡತೆಯ ಅಪ್ಪನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ. ನಿನ್ನ ಮಗಳಂತೂ ನಿಜಕ್ಕೂ ಚೆನ್ನಾಗಿದ್ದಾಳೆ. ಸೋಫಾದಿಂದ ಸ್ಟೂಲಿಗೆ, ಸ್ಟೂಲಿನಿಂದ ಅಕ್ಕನ ಹಾಸಿಗೆಗೆ ಹಾರುತ್ತಾ ನಾವಿಟ್ಟ ಅಡ್ಡಹೆಸರಿನ ಮಾನ ಉಳಿಸಿದ್ದಾಳೆ. ನನ್ನ ಕಥೆಯೇ ಬೇರೆ. ನಿನ್ನೆ ಕೆಳಗಿನ ಮನೆಯವರು ಹಲಗೆಯೊಂದನ್ನು ದಡಾರನೆ ಬೀಳಿಸಿದರು. ನಾನು ಇವಳನ್ನು ಎಳೆದುಕೊಂಡು ಮೇಜಿನ ಕೆಳಗೆ ಹೋಗಿ ಕೂತೆ. ಚಹಾ ಚೆಲ್ಲಿತು. ಅಕ್ಕ ಬಿಟ್ಟ ಬಾಯಿ ಮುಚ್ಚಲಿಲ್ಲ.

ನೀನು ಫೋನಿನಲ್ಲಿ, "ಶನಿವಾರ ಬಂದು ಕರ್ಕೊಂಡ್ ಹೋಗ್ತೀನಿ, ಅಂಥದ್ದೇನಾಯ್ತು ಅಂತ ಹಿಂಗ್ ಹೆದರ್ತೀಯ? ಮೂರನೇ ಬೀಗ ತಡೀತಲ್ಲ, ಅದನ್ನ ಮಾಡಿರೋದೇ ಅದಕ್ಕೆ" ಅಂದೆ. ನಾನು ಹೂಂ ಅಂದೆ. ನಿನ್ನ ದನಿ ಕೇಳಿದರೆ ನಾನು ಎಲ್ಲಕ್ಕೂ ಹೂಂ ಅನ್ನುವವಳೇ. ಅದಕ್ಕೇ ಈ ಕಾಗದ. ಪೂರ್ತಿ ಓದು. ಅರ್ಧ ಓದಿ "ಇವಳದ್ದು ಯಾವಾಗಲೂ ಇದೇ" ಅನ್ನಬೇಡ.

ನೀನು ಸೊಂಟಕ್ಕೆ ಕಟ್ಟುವ ಆ ಪಿಸ್ತೂಲಿನ ಚೀಲ, ಆ ಹೋಲ್ಸ್ಟರ್ ಮೇಲೆ ನನಗೇನೂ ದ್ವೇಷವಿಲ್ಲ ಮಾರಾಯ. ನಿನ್ನ ಜೊತೆ ಬ್ಯಾಂಕಿನ ಹಣದ ವ್ಯಾನು ಕಾಯುತ್ತಿದ್ದ ಆ ಉದ್ದನೆಯವರ ಸೊಂಟದಿಂದ, ಜನಜಂಗುಳಿಯಲ್ಲಿ ಯಾವನೋ ಹಿಂದಿನಿಂದ ಬಂದು ಪಿಸ್ತೂಲು ಕಿತ್ತುಕೊಂಡು ಅವರ ತೊಡೆಗೇ ಗುಂಡು ಹಾರಿಸಿದನಲ್ಲ, ಆವತ್ತು ರಾತ್ರಿ ನೀನು ಎಂದಿನಂತೆ ಗೊರಕೆ ಹೊಡೆದೆ. ನಿದ್ದೆಗೆಟ್ಟವಳು ನಾನು. ಅವರದ್ದು ಒಂದೇ ಗುಂಡಿಯ ಹಳೇ ಚರ್ಮದ ಚೀಲ. ಆಮೇಲೆ ಕಂಪನಿಯವರು ನಿಮಗೆಲ್ಲ ಮೂರು ಬೀಗದ ಈ ಗಟ್ಟಿ ಹೋಲ್ಸ್ಟರ್ ಕೊಟ್ಟಾಗ, ಇದನ್ನು ಮಾಡಿದವನ ಹೊಟ್ಟೆ ತಣ್ಣಗಿರಲಿ ಅಂದವಳೂ ನಾನೇ.

ಬಾವ ಅದನ್ನು ಪರೀಕ್ಷೆ ಮಾಡಿದ ದಿನ ನೆನಪಿದೆಯಾ? ಫ್ರಿಜ್ಜನ್ನು ಒಬ್ಬರೇ ಎತ್ತುವ ಮನುಷ್ಯ. ನೀನು ಗುಂಡು ತೆಗೆದಿಟ್ಟು, ಸೊಂಟ ಮುಂದೆ ಮಾಡಿ, "ಕಿತ್ಕೊಳ್ಳಿ ನೋಡೋಣ" ಅಂತ ಸವಾಲು ಹಾಕಿದೆ. ಅವರು ಎಳೆದೂ ಎಳೆದೂ ಕಿವಿ ಕೆಂಪಾಯಿತೇ ಹೊರತು ಅದು ಜಪ್ಪಯ್ಯ ಅನ್ನಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಿಡತೆ. ಅವಳೇಕೆ ನಕ್ಕಳು ಎಂದು ಆಗ ನಮಗೆ ಹೊಳೆಯಲಿಲ್ಲ. ದೊಡ್ಡಪ್ಪನಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಎಂದು ನಕ್ಕಳು.

ಗೊತ್ತಿಲ್ಲದೆ ಏನು? "ಕೈಗೆ ಬಾಯಿಪಾಠ ಆಗ್ಬೇಕು" ಅಂತ ನಿಮ್ಮ ತರಬೇತಿಯವರು ಹೇಳಿದರು, ನೀನು ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತೆ. ಟೋಪಿಯಂಥ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತುವುದು ಒಂದು ಬೀಗ, ಮುಂದಕ್ಕೆ ತಳ್ಳುವುದು ಎರಡು, ಒಳಗಿನ ಕೊಕ್ಕೆ ಹಿಂದಕ್ಕೆ ಎಳೆಯುವುದು ಮೂರು, ಆಮೇಲೆ ಎತ್ತುವುದು. ಅವಳು ಹಾಸಿಗೆ ಮೇಲೆ ಕುಣಿಯುತ್ತಾ "ಒತ್ತು, ತಳ್ಳು, ಎಳಿ, ಎತ್ತು" ಅಂತ ಹುಕುಂ ಮಾಡುತ್ತಿದ್ದಳು. ನೀನು ಸೆಲ್ಯೂಟ್ ಹೊಡೆಯುತ್ತಿದ್ದೆ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಇಬ್ಬರನ್ನೂ ನೋಡಿ ನಗುತ್ತಿದ್ದೆ. ಎಷ್ಟು ಸುಖವಾಗಿದ್ದೆವು!

ಕಳೆದ ಗುರುವಾರ ನೀನು ಮರುದಿನದ ಮುಂಜಾನೆ ಪಾಳಿಗೆಂದು ಪಿಸ್ತೂಲನ್ನು ಗುಂಡಿನ ಸಮೇತ ಮನೆಗೆ ತಂದೆ. ಬೆಲ್ಟನ್ನು ಕುರ್ಚಿಗೆ ಹಾಕಿ ಸ್ನಾನಕ್ಕೆ ಹೋದೆ. ತಲೆ ಒರೆಸಿಕೊಳ್ಳುತ್ತಾ ಬಂದಾಗ ನಾನು ಅಡುಗೆಮನೆಯ ನೆಲದ ಮೇಲಿದ್ದೆ, ಬೆಲ್ಟು ನನ್ನ ಮಡಿಲಲ್ಲಿತ್ತು. ಮಿಡತೆ ಎರಡು ಬೀಗ ತೆಗೆದುಬಿಟ್ಟಿದ್ದಳು, ಮೂರನೆಯದು ತಡೆಯಿತು ಅಂತ ನಾನು ಅಂದೆ. ನಿನ್ನ ಮುಖ ಬಿಳಿಚಿಕೊಂಡಿತು, ಆಮೇಲೆ ಉಸಿರು ಬಿಟ್ಟೆ, ಆಮೇಲೆ, ಸುಳ್ಳು ಹೇಳಬೇಡ, ಸ್ವಲ್ಪ ಹೆಮ್ಮೆಯಿಂದಲೇ ಅವಳ ತಲೆ ಸವರಿದೆ. ಬೆಲ್ಟನ್ನು ಎತ್ತರದ ಮೊಳೆಗೆ ತಗುಲಿಸಿದೆ. ಮಿಡತೆಗೆ ಎತ್ತರ ಒಂದು ಲೆಕ್ಕವೇನೋ! ಬೆಳಿಗ್ಗೆ ನೀನು ಪಾಳಿಗೆ ಹೋದ ಮೇಲೆ ನಾನು ಬಟ್ಟೆ ಕಟ್ಟಿದೆ.

ಆವತ್ತು ಅವಳ ಎರಡೂ ಹೆಬ್ಬೆರಳ ಮೇಲೆ ಪಟ್ಟಿಯ ಅಂಚು ಕೆಂಪಗೆ ಅಚ್ಚೊತ್ತಿತ್ತು. ಈಗ ಮಾಸಿದೆ. ಆದರೂ ಅವಳು ಮಧ್ಯಾಹ್ನ ಮಲಗಿದಾಗಲೆಲ್ಲ ಬೆರಳು ಬಿಡಿಸಿ ನೋಡುತ್ತೇನೆ. ಇಲ್ಲಿ ಅಕ್ಕನ ಕನ್ನಡಕದ ಡಬ್ಬಿಯನ್ನು ಚಡ್ಡಿಗೆ ಸಿಕ್ಕಿಸಿಕೊಂಡು ಅದೇ ಹಾಡು ಹೇಳುತ್ತಾಳೆ. ನಿನ್ನೆ ಅಕ್ಕ ಕತ್ತರಿ ಕೇಳಿದಾಗ, ನಾನು ಕಲಿಸಿದಂತೆ, ಹಿಡಿ ಮುಂದೆ ಮಾಡಿ ಜೋಪಾನವಾಗಿ ಕೊಟ್ಟಳು. "ಎಷ್ಟ್ ಜಾಣೆ ನೋಡು ನಿನ್ ಮಗಳು" ಅಂತ ಅಕ್ಕ ಹೊಗಳಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಯಾಕೆಂದು ಅವಳಿಗೆ ಹೇಳಲಿಲ್ಲ.

ನಿನ್ನ ಹೋಲ್ಸ್ಟರ್ ಗೊತ್ತಿಲ್ಲದವರನ್ನು ತಡೆಯುತ್ತದೆ. ಬಾವನನ್ನು ತಡೆಯಿತು, ಕಳ್ಳನನ್ನೂ ತಡೆಯುತ್ತದೆ. ರಸ್ತೆಯಲ್ಲಿ ನಿನ್ನ ಸೊಂಟದ ಮೇಲೆ ಅದು ಇರಲೇಬೇಕು, ಮೂರಲ್ಲ, ಮೂವತ್ತು ಬೀಗ ಇರಲಿ. ಮನೆಯಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ ಹೇಳು? ಪಾಳಿ ಮುಗಿದ ಮೇಲೆ ಪಿಸ್ತೂಲನ್ನು ಆಫೀಸಿನ ಕಪಾಟಿಗೇ ಒಪ್ಪಿಸಿ ಬಾ. ನಿಮ್ಮ ಮೇಲಿನವರು ಗೊಣಗಿದರೆ ನನ್ನ ಹತ್ತಿರ ಕಳಿಸು. ಆಗುವುದೇ ಇಲ್ಲ ಅಂದರೆ ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ ಬರಬೇಕು, ಗುಂಡು ಬೇರೆ ಕಡೆ, ಬೀಗದ ಕೈ ನಿನ್ನ ಕೊರಳಲ್ಲಿ. ಅಲ್ಲಿಯವರೆಗೆ ಶನಿವಾರ ನೀನು ಬಂದರೂ ನಾವು ಹೊರಡುವುದಿಲ್ಲ. ಕೋಪ ಅಂದುಕೊಳ್ಳಬೇಡ. ಕೋಪ ಬರಬೇಕಾದರೂ ಮೈಯಲ್ಲಿ ಧೈರ್ಯ ಬೇಕು, ನನಗೆ ಬರೀ ಭಯ. ನೀನಿಲ್ಲದೆ ಊಟ ಸೇರುತ್ತಿಲ್ಲ ಅನ್ನುವುದೂ ಅಷ್ಟೇ ನಿಜ.

ನಿನ್ನ ದಾರಿ ಕಾಯುತ್ತಾ, ನೀನು ಬರುವುದಕ್ಕೂ ಹೆದರುತ್ತಾ ಕೂತಿರುವ,
ನಿನ್ನವಳು

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದಿದ್ದೇನೆ. ಮೂರನೆಯ ಬೀಗ ತಡೆಯಲಿಲ್ಲ ಕಣೋ. ನಿನ್ನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ನೀನು ಬರುವ ಮೊದಲೇ ನಾನೇ ಪಿಸ್ತೂಲನ್ನು ಒಳಗೆ ಸೇರಿಸಿ, ಪಟ್ಟಿ ಮುಚ್ಚದೆ ಬಿಟ್ಟಿದ್ದೆ. ಅದಕ್ಕೂ ಮುಂಚೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ದೊಡ್ಡಪ್ಪನ್ ಕೈಲಿ ಆಗ್ಲಿಲ್ಲ, ನನ್ ಕೈಲಿ ಆಯ್ತು" ಅಂದಳು. ನಾನು ನಗುನಗುತ್ತಾ, "ಶಭಾಷ್, ಇಲ್ ಕೊಡು ಕಂದಾ" ಅಂತ ಕೈ ಚಾಚಿದೆ. ಕತ್ತರಿ ಕೊಡುವಂತೆಯೇ ಕೊಟ್ಟಳು. ಹಿಡಿ ನನ್ನ ಕಡೆಗೆ, ಮೂತಿ ತನ್ನ ಹೊಟ್ಟೆಯ ಕಡೆಗೆ.